ಬೆಂಗಳೂರಲ್ಲಿ ಕೂತು 90ರ ದಶಕದ ಶುರುವಿನ ಬೇಸ್‌ಬಾಲ್ ಕಾರ್ಡ್ ಕೂಡಿಸೋದು ಹೇಗೆ

ಮೊದಲೇ ಹೇಳ್ಬಿಡ್ತೀನಿ, 1990ರಿಂದ 1993ರ ತನಕದ ಬೇಸ್‌ಬಾಲ್ ಕಾರ್ಡ್ (ಮುಂದೆ ಆಟಗಾರನ ಫೋಟೋ, ಹಿಂದೆ ಅವನ ವಿವರ ಇರೋ ರಟ್ಟಿನ ಕಾರ್ಡ್) ತಗೊಂಡು ದುಡ್ಡು ಮಾಡ್ಬೇಕು ಅನ್ನೋ ಲೆಕ್ಕಾಚಾರ ಇದ್ರೆ ಅದನ್ನ ಇಲ್ಲೇ ಬಿಟ್ಬಿಡಿ. ಆದ್ರೆ ಒಂದು ಪೂರ್ತಿ ಸೆಟ್ಟನ್ನ ಒಂದನೇ ನಂಬರಿಂದ ಕೊನೇ ನಂಬರ್ ತನಕ ಜೋಡಿಸಿ, ಒಂದೊಂದೇ ಕಾರ್ಡ್ ತಿರುಗಿಸಿ ಓದಿ, ಆ ಕಾಲದ ಆಟಗಾರರು ಯಾರ್ಯಾರು ಅಂತ ತಿಳ್ಕೊಳ್ಳೋ ಆಸೆ ಇದ್ರೆ ಇಷ್ಟು ಕಮ್ಮಿ ದುಡ್ಡಲ್ಲಿ ಇಷ್ಟು ಖುಷಿ ಕೊಡೋ ಕಲೆಕ್ಷನ್ ಇನ್ನೊಂದಿಲ್ಲ, ಇದನ್ನ ನಾನು ಎದೆ ತಟ್ಟಿ ಹೇಳ್ತೀನಿ.

ಇವು ಯಾಕಿಷ್ಟು ಅಗ್ಗ ಅನ್ನೋದು ಗೊತ್ತಿರ್ಲೇಬೇಕು, ಯಾಕಂದ್ರೆ ಮುಂದಿನ ಎಲ್ಲಾ ತೀರ್ಮಾನಾನೂ ಅದರ ಮೇಲೇ ನಿಂತಿರತ್ತೆ. 80ರ ದಶಕದಲ್ಲಿ ಅಮೆರಿಕದಲ್ಲಿ 1950ರ ಸುತ್ತಮುತ್ತಲಿನ ಹಳೇ ಕಾರ್ಡ್‌ಗಳ ರೇಟು ಸಿಕ್ಕಾಪಟ್ಟೆ ಏರ್ತು. ಅವು ಅಪರೂಪ ಆಗಿದ್ದು ಯಾಕೆ ಅಂದ್ರೆ ಆ ಕಾಲದ ಹುಡುಗ್ರು ಕಾರ್ಡನ್ನ ಸೈಕಲ್ ಕಡ್ಡಿಗೆ ಸಿಕ್ಕಿಸಿ ಓಡಿಸಿದ್ರು, ಉಳಿದಿದ್ದನ್ನ ಅಮ್ಮಂದಿರು ಮನೆ ಕ್ಲೀನ್ ಮಾಡುವಾಗ ಆಚೆ ಹಾಕಿದ್ರು. ಇದನ್ನ ನೋಡಿದ ಜನ ನಮ್ಮ ಕಾಲದ ಕಾರ್ಡ್‌ಗೂ ಮುಂದೆ ಹೀಗೇ ಬೆಲೆ ಬರತ್ತೆ ಅಂತ ಪೆಟ್ಟಿಗೆ ಪೆಟ್ಟಿಗೆ ತಗೊಂಡು ಒಡೀದೇ ಎತ್ತಿಟ್ರು. ಕಂಪನಿಗಳೂ ಸುಮ್ನಿರ್ಲಿಲ್ಲ, ಟಾಪ್ಸ್ ಜೊತೆಗೆ 1981ರಲ್ಲಿ ಫ್ಲೀರ್ ಮತ್ತೆ ಡಾನ್‌ರಸ್ ಬಂದ್ವು, 1988ರಲ್ಲಿ ಸ್ಕೋರ್, 1989ರಲ್ಲಿ ಅಪ್ಪರ್ ಡೆಕ್, ಎಲ್ಲರೂ ಸೇರಿ ಕೋಟಿಗಟ್ಟಲೆ ಕಾರ್ಡ್ ಪ್ರಿಂಟ್ ಹಾಕಿದ್ರು. ಎಲ್ಲರೂ ಜೋಪಾನವಾಗಿ ಎತ್ತಿಟ್ಟಿದ್ದು ಅಪರೂಪ ಆಗೋದು ಹೇಗೆ ಹೇಳಿ? ಅದರ ಮೇಲೆ 1994ರ ಆಗಸ್ಟ್ 12ಕ್ಕೆ ಆಟಗಾರರು ಸ್ಟ್ರೈಕ್ ಶುರು ಮಾಡಿದ್ರು, ಆ ವರ್ಷ ವರ್ಲ್ಡ್ ಸೀರೀಸೇ, ಅಂದ್ರೆ ಫೈನಲ್ಲೇ, ಕ್ಯಾನ್ಸಲ್ ಆಯ್ತು, ಬೇಜಾರಾಗಿ ತುಂಬಾ ಜನ ಆಟಾನೂ ಬಿಟ್ರು ಕಾರ್ಡೂ ಬಿಟ್ರು. ನೀವು ಆನ್‌ಲೈನಲ್ಲಿ ಹುಡುಕುವಾಗ ಜಂಕ್ ವ್ಯಾಕ್ಸ್ (ಮೇಣದ ಕಾಗದದ ಪ್ಯಾಕಲ್ಲಿ ಬಂದ, ಬೆಲೆ ಇಲ್ಲದ ಕಾರ್ಡ್) ಅಂತ ಹಾಕಿದ್ರೆ ಬರೋದೆಲ್ಲ ಈ ಕಾಲದ್ದೇ.

ಹಂಗಾಗಿ ನಮಗೆ ಇಲ್ಲಿ ಬೆಂಗಳೂರಲ್ಲಿ ಆಗೋ ವಿಚಿತ್ರ ಏನಂದ್ರೆ ಕಾರ್ಡಿಗಿಂತ ಪೋಸ್ಟೇಜ್ ದುಬಾರಿ. 1991ರ ಟಾಪ್ಸ್ ಪೂರ್ತಿ ಸೆಟ್, 792 ಕಾರ್ಡ್, ಅಮೆರಿಕದಲ್ಲಿ ಇಪ್ಪತ್ತು ಡಾಲರ್ ಆಸುಪಾಸಿಗೆ ಸಿಗತ್ತೆ, ಆದ್ರೆ ಒಂದು ಕಾರ್ಡ್ ಎರಡು ಗ್ರಾಂಗಿಂತ ಸ್ವಲ್ಪ ಕಮ್ಮಿ ಅಂತ ಇಟ್ಕೊಂಡ್ರೂ ಸೆಟ್ಟಿನ ತೂಕ ಹತ್ತಿರ ಹತ್ತಿರ ಒಂದೂವರೆ ಕೆಜಿ, ಅದನ್ನ ನೇರವಾಗಿ ಇಲ್ಲಿಗೆ ತರಿಸಿದ್ರೆ ಕಳಿಸೋ ಖರ್ಚೇ ಸೆಟ್ಟಿನ ಬೆಲೆ ದಾಟತ್ತೆ, ಆಮೇಲೆ ಕಸ್ಟಮ್ಸ್ ಡ್ಯೂಟಿ, ಅದಕ್ಕೆ ಕೊರಿಯರ್‌ನವರ ಚಾರ್ಜ್ ಬೇರೆ. ಆದ್ರಿಂದ ನೀವು ಪ್ಲಾನ್ ಮಾಡ್ಬೇಕಾಗಿರೋದು ಯಾವ ಕಾರ್ಡ್ ತಗೊಳ್ಲಿ ಅಂತಲ್ಲ, ಅದು ಇಲ್ಲಿ ತನಕ ಬರೋದು ಹೆಂಗೆ ಅಂತ. ಬಿಡಿ ಬಿಡಿಯಾಗಿ ಅಗ್ಗದ ಕಾರ್ಡ್ ಪೋಸ್ಟಲ್ಲಿ ತರಿಸೋದು ಬೇಡ್ವೇ ಬೇಡ.

ದಾರಿ ಏನು ಅಂದ್ರೆ, ನಮ್ಮೂರಲ್ಲಿ ಅಮೆರಿಕದಲ್ಲಿ ಯಾರಾದ್ರೂ ಒಬ್ರು ಇಲ್ಲದ ಮನೆ ಹುಡುಕೋದು ಕಷ್ಟ. ಅಕ್ಕನೋ, ದೊಡ್ಡಪ್ಪನ ಮಗನೋ, ಹಳೇ ಆಫೀಸಿನ ಫ್ರೆಂಡೋ ಇದ್ದೇ ಇರ್ತಾರೆ. ನೀವು ಇಬೇಯಲ್ಲೋ ಅಲ್ಲಿನ ಕಾರ್ಡ್ ಅಂಗಡಿಯಲ್ಲೋ ಆರ್ಡರ್ ಮಾಡಿ ಅವರ ಮನೆ ಅಡ್ರೆಸ್ಸಿಗೆ ಕಳಿಸಿ, ಅಲ್ಲೇ ಒಂದು ಡಬ್ಬದಲ್ಲಿ ಸೇರ್ತಾ ಇರ್ಲಿ, ಊರಿಗೆ ಬರುವಾಗ ತರ್ತಾರೆ. ಆದ್ರೆ ಸೂಟ್‌ಕೇಸಲ್ಲಿ ಎಲ್ಲರ ಮನೆಯ ಚಾಕ್ಲೇಟು, ಬಾದಾಮಿ, ಶಾಂಪೂ ಎಲ್ಲ ತುಂಬಿರತ್ತೆ, ಅದರ ಮಧ್ಯೆ ಒಂದೂವರೆ ಕೆಜಿ ರಟ್ಟಿಗೆ ಜಾಗ ಕೇಳೋದು ಸಣ್ಣ ಮಾತಲ್ಲ, ಅದಕ್ಕೆ ಕೇಳುವಾಗ ಸ್ಪಷ್ಟವಾಗಿ ಕೇಳಿ. ನಾನು ಕಳಿಸೋ ಮೆಸೇಜ್ ಹೆಚ್ಚು ಕಮ್ಮಿ ಹೀಗಿರತ್ತೆ:

"ಅಕ್ಕಾ, ನಿನ್ ಮನೆಗೆ ಒಂದು ಪಾರ್ಸೆಲ್ ಬರತ್ತೆ, ಉದ್ದದ ಬಿಳಿ ರಟ್ಟಿನ ಡಬ್ಬ, ತೂಕ ಒಂದೂವರೆ ಕೆಜಿ. ಒಡೀಬೇಡ, ರಬ್ಬರ್ ಬ್ಯಾಂಡ್ ಹಾಕ್ಬೇಡ, ಬೇಸ್‌ಮೆಂಟಲ್ಲಿ ಇಡ್ಬೇಡ, ಥಂಡಿ ಹಿಡಿಯತ್ತೆ. ಬರುವಾಗ ಬಟ್ಟೆ ಮಧ್ಯೆ ಇಟ್ಕೊಂಡು ಬಾ, ಉಪ್ಪಿನಕಾಯಿ ಅಮ್ಮ ಆಗ್ಲೇ ಹಾಕಿಟ್ಟಿದಾರೆ."

ಇನ್ನೊಂದು ದಾರಿ ತುಂಬಾ ಜನಕ್ಕೆ ಹೊಳೆಯಲ್ಲ. ಅಮೆರಿಕದಲ್ಲಿ ಇದ್ದು ಮಕ್ಕಳನ್ನ ಕರ್ಕೊಂಡು ವಾಪಸ್ ಬಂದ ಕುಟುಂಬಗಳು ಜಯನಗರ, ಮಲ್ಲೇಶ್ವರ, ವೈಟ್‌ಫೀಲ್ಡ್ ಎಲ್ಲಾ ಕಡೆ ಇದಾರೆ, ಆ ಮಕ್ಕಳು ಸ್ಕೂಲಲ್ಲಿ ಕೂಡಿಸಿದ ಕಾರ್ಡ್ ಡಬ್ಬ ಅಟ್ಟದ ಮೇಲೆ ಕೂತಿರೋ ಸಾಧ್ಯತೆ ಇದೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಒಂದು ಕಾರ್ಡಿನ ಫೋಟೋ ಹಾಕಿ, ಇಂಥದ್ದು ಯಾರ ಮನೇಲಾದ್ರೂ ಇದ್ರೆ ಹೇಳಿ, ಒಳ್ಳೆ ರೇಟಿಗೆ ತಗೋತೀನಿ ಅಂತ ಬರೀರಿ. ಫೋಟೋ ಹಾಕೋದು ಮುಖ್ಯ, ಬರೀ ಬಾಯಲ್ಲಿ ಕಾರ್ಡ್ ಅಂದ್ರೆ ಜನ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್ ಅಂದ್ಕೋತಾರೆ. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿ, ಚಿಕ್ಕಪೇಟೆ ಕಡೆಯ ಸಂಡೇ ಬಜಾರ್ ಇಲ್ಲೆಲ್ಲ ಬೇಸ್‌ಬಾಲ್ ಕಾರ್ಡ್ ಸಿಗತ್ತೆ ಅಂತ ಆಸೆ ಇಟ್ಕೊಂಡು ಹೋಗ್ಬೇಡಿ, ಹೋಗೋದಿದ್ರೆ ಸುತ್ತೋ ಖುಷಿಗೆ ಹೋಗಿ.

ಯಾವ ಸೆಟ್ಟಿಂದ ಶುರು ಮಾಡೋದು

ನನ್ ಕೇಳಿದ್ರೆ ಕಣ್ಮುಚ್ಕೊಂಡು 1991ರ ಟಾಪ್ಸ್. ಅದು ಟಾಪ್ಸ್‌ನ 40ನೇ ವರ್ಷದ ಸೆಟ್, ಫೋಟೋಗಳು ಬಹಳ ಚೆನ್ನಾಗಿವೆ, ಒಂದನೇ ನಂಬರಲ್ಲಿ ನೋಲನ್ ರಯಾನ್ ಇದಾನೆ, 790ರಲ್ಲಿ ಕೆನ್ ಗ್ರಿಫಿ ಜೂನಿಯರ್, 333ರಲ್ಲಿ ಚಿಪ್ಪರ್ ಜೋನ್ಸ್‌ನ ರೂಕಿ ಕಾರ್ಡ್, ಅಂದ್ರೆ ಆಟಗಾರನ ಕಾರ್ಡ್ ದೊಡ್ಡ ಸೆಟ್‌ಗಳಲ್ಲಿ ಮೊದಲ ಸಲ ಬಂದಾಗಿನದ್ದು. ಚಿಪ್ಪರ್ ಆಮೇಲೆ 2018ರಲ್ಲಿ ಹಾಲ್ ಆಫ್ ಫೇಮ್, ಅಂದ್ರೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ, ಸೇರ್ದ. ಟಾಪ್ಸ್‌ನವರ ಒಂದು ಪದ್ಧತಿ ಗೊತ್ತಿದ್ರೆ ಸೆಟ್ ನೋಡೋಕೆ ಇನ್ನೂ ಮಜಾ ಬರತ್ತೆ, ದೊಡ್ಡ ದೊಡ್ಡ ಸ್ಟಾರ್‌ಗಳಿಗೆ 100, 200, 450 ಥರದ ರೌಂಡ್ ನಂಬರ್ ಕೊಡ್ತಾರೆ, ಅವರಿಗಿಂತ ಸ್ವಲ್ಪ ಕೆಳಗಿನವರಿಗೆ 0 ಅಥವಾ 5ರಲ್ಲಿ ಮುಗಿಯೋ ನಂಬರ್, ಮಿಕ್ಕವರಿಗೆ ಮಿಕ್ಕಿದ್ದು. ಹಂಗಾಗಿ ಆಟದ ಬಗ್ಗೆ ಏನೂ ಗೊತ್ತಿಲ್ದೇ ಇದ್ರೂ ಬರೀ ನಂಬರ್ ನೋಡಿ ಆ ವರ್ಷ ಯಾರನ್ನ ದೊಡ್ಡವರು ಅಂದ್ಕೊಂಡಿದ್ರು ಅಂತ ಹೇಳ್ಬಹುದು.

ಪೂರ್ತಿ ಸೆಟ್ ತಗೊಳ್ಬೇಕೋ, ಒಡೀದಿರೋ ಬಾಕ್ಸ್ ತಗೊಂಡು ಪ್ಯಾಕ್ ಒಡೀಬೇಕೋ ಅನ್ನೋ ಪ್ರಶ್ನೆ ಬರತ್ತೆ. ಲೆಕ್ಕ ಹಾಕಿ ನೋಡಿ, ಒಂದು ಬಾಕ್ಸಲ್ಲಿ 36 ಪ್ಯಾಕ್, ಪ್ಯಾಕಿಗೆ ಸುಮಾರು 15 ಕಾರ್ಡ್, ಒಟ್ಟು 540ರ ಹತ್ತಿರ, ಅದ್ರಲ್ಲಿ ಡಬಲ್‌ಗಳು ಬೇರೆ, 792ರ ಸೆಟ್ ಒಂದು ಬಾಕ್ಸಲ್ಲಿ ಆಗೋ ಮಾತೇ ಅಲ್ಲ. ಸೆಟ್ ಬೇಕಿದ್ರೆ ಸೆಟ್ಟೇ ತಗೊಳ್ಳಿ. ಆದ್ರೆ ಜೀವನದಲ್ಲಿ ಒಂದ್ಸಲ ಆದ್ರೂ ಒಂದು ಬಾಕ್ಸ್ ಒಡೀಲೇಬೇಕು ಅನ್ನೋದು ನನ್ನ ಅಭಿಪ್ರಾಯ, ಆ ಮೇಣದ ಕಾಗದ ಬಿಚ್ಚೋ ಶಬ್ದ, ಒಳಗಿಂದ ಬರೋ ಹಳೇ ರಟ್ಟು ಮತ್ತೆ ಬಬಲ್‌ಗಮ್ ಸೇರಿದ ಸಿಹಿ ವಾಸನೆ, ಮೂವತ್ತು ವರ್ಷದಿಂದ ಯಾರೂ ಮುಟ್ಟದಿರೋ ಕಾರ್ಡು. ಟಾಪ್ಸ್ ಪ್ಯಾಕಲ್ಲಿ ಗಮ್ ಬರ್ತಿದ್ದು 1991ರ ತನಕ ಮಾತ್ರ, 1992ರಲ್ಲಿ ಅದನ್ನ ತೆಗೆದು ಕಾರ್ಡನ್ನ ಬಿಳೀ ರಟ್ಟಿಗೆ ಬದಲಾಯಿಸಿದ್ರು. ದಯವಿಟ್ಟು ಗಮ್ ಬಾಯಿಗೆ ಹಾಕ್ಬೇಡಿ, ಮಕ್ಕಳ ಕೈಗೂ ಕೊಡ್ಬೇಡಿ, ಅದು ಗಾಜಿನ ಥರ ಪುಡಿ ಪುಡಿ ಆಗತ್ತೆ. ಗಮ್ಮಿಗೆ ತಾಗಿದ್ದ ಕಾರ್ಡ್ ಮೇಲೆ ಕಲೆ ಇರತ್ತೆ, ಅಂಥದ್ದು ಬಂದ್ರೆ ಬೇಜಾರು ಮಾಡ್ಕೋಬೇಡಿ. ಮೇಣದ ಕಲೆ ನುಣುಪಾದ ಮುಂಭಾಗದಲ್ಲಿದ್ರೆ ತೆಳು ನೈಲಾನ್ ಬಟ್ಟೆಯಲ್ಲಿ ಹಗೂರವಾಗಿ ಉಜ್ಜಿದ್ರೆ ಹೋಗತ್ತೆ, ಹಿಂದಿನ ಒರಟು ರಟ್ಟಲ್ಲಿ ಇಳಿದಿದ್ರೆ ಬಿಟ್ಬಿಡಿ.

ಟಾಪ್ಸ್ ಆದ್ಮೇಲೆ ಮೂರು ಸೆಟ್ ನನಗೆ ಬಹಳ ಇಷ್ಟ. 1990ರ ಲೀಫ್, 528 ಕಾರ್ಡ್, ಆ ವರ್ಷದ ಬೇರೆಯವಕ್ಕಿಂತ ಕಮ್ಮಿ ಪ್ರಿಂಟ್ ಆಗಿದ್ದು, ಫ್ರಾಂಕ್ ಥಾಮಸ್ 300ನೇ ನಂಬರ್, ಸ್ಯಾಮಿ ಸೋಸಾ 220. 1991ರ ಸ್ಟೇಡಿಯಂ ಕ್ಲಬ್, ಇದ್ರಲ್ಲಿ ಬಾರ್ಡರೇ ಇಲ್ಲ, ಫೋಟೋ ಅಂಚಿನ ತನಕ ಹೊಳೀತಾ ಇರತ್ತೆ, 200ನೇ ಕಾರ್ಡಲ್ಲಿ ನೋಲನ್ ರಯಾನ್ ಯೂನಿಫಾರ್ಮ್ ಬಿಟ್ಟು ಕೋಟು ಬೋ ಟೈ ಹಾಕ್ಕೊಂಡು ನಿಂತಿದಾನೆ, ಮದುವೆ ರಿಸೆಪ್ಷನ್ನಿಗೆ ಹೊರಟವನ ಥರ. ಮೂರನೇದು 1992ರ ಬೋಮನ್, 705 ಕಾರ್ಡ್, ಇದ್ರಲ್ಲಿ ಎಷ್ಟೋ ಹೊಸ ಹುಡುಗ್ರನ್ನ ಮನೇಲಿ ಹಾಕ್ಕೊಳ್ಳೋ ಮಾಮೂಲಿ ಬಟ್ಟೆಯಲ್ಲೇ ನಿಲ್ಲಿಸಿ ಫೋಟೋ ಹೊಡೆದಿದಾರೆ. ಅವರಲ್ಲೊಬ್ಬ ಮರಿಯಾನೊ ರಿವೇರಾ, 302ನೇ ನಂಬರ್, ತೆಳ್ಳಗಿನ ಹುಡುಗ, ಪನಾಮಾದವನು, ಆ ಫೋಟೋ ತೆಗೆದಾಗ ಅವನು ಮುಂದೆ ಹಾಲ್ ಆಫ್ ಫೇಮಿಗೆ ಒಂದು ವೋಟೂ ತಪ್ಪದೇ ಆಯ್ಕೆ ಆಗೋ ಮೊದಲ ಆಟಗಾರ ಆಗ್ತಾನೆ ಅಂತ ಯಾರಿಗ್ ಗೊತ್ತಿತ್ತು, ಅದಾಗಿದ್ದು 2019ರಲ್ಲಿ. ಈ ಕಾರ್ಡ್ ಅಗ್ಗ ಅಲ್ಲ, ಆದ್ರೆ ಈ ಕಾಲದಲ್ಲಿ ಒಂದೇ ಒಂದು ಕಾರ್ಡಿಗೆ ದುಡ್ಡು ಹಾಕೋದಿದ್ರೆ ನಾನು ಇದಕ್ಕೇ ಹಾಕಿ ಅಂತೀನಿ.

1990ರ ಡಾನ್‌ರಸ್ ಮೊದಲನೇ ಸೆಟ್ಟಾಗಿ ಬೇಡ, ಕೆಂಪು ಬಾರ್ಡರು, ಅಂಚಿನ ಬಣ್ಣ ಸ್ವಲ್ಪ ತಾಗಿದ್ರೂ ಬಿಳಿ ಕಾಣತ್ತೆ. 1991ರ ಫ್ಲೀರ್ ಪೂರ್ತಿ ಹಳದಿ, ಇಷ್ಟ ಆದೋರಿಗೆ ಇಷ್ಟ. 1990ರ ಸ್ಕೋರಲ್ಲಿ ಪೂರ್ತಿ ಸೆಟ್ ತಗೊಳ್ದೇ ಇದ್ರೂ 697ನೇ ಬೋ ಜಾಕ್ಸನ್ ಕಾರ್ಡ್ ಒಂದನ್ನ ತಗೊಳ್ಳಿ, ಕಪ್ಪು ಬಿಳುಪು ಫೋಟೋ, ಮೈ ಮೇಲೆ ಫುಟ್‌ಬಾಲಿನ ಶೋಲ್ಡರ್ ಪ್ಯಾಡ್, ಹೆಗಲ ಮೇಲೆ ಬೇಸ್‌ಬಾಲ್ ಬ್ಯಾಟು, ಎರಡೂ ಆಟ ಪ್ರೊಫೆಷನಲ್ಲಾಗಿ ಆಡ್ತಿದ್ದ ಮನುಷ್ಯ ಅವನು.

ನಿಜವಾಗಿ ಬೆಲೆ ಇರೋ ಕೆಲವು

ಅಗ್ಗದ ಸಮುದ್ರದಲ್ಲೂ ನಾಲ್ಕೈದು ಕಾರ್ಡ್‌ಗೆ ಒಳ್ಳೆ ಬೆಲೆ ಇದೆ, ಗೊತ್ತಿರ್ಲಿ. 1990ರ ಟಾಪ್ಸ್ ಫ್ರಾಂಕ್ ಥಾಮಸ್, 414ನೇ ನಂಬರ್, ಪ್ರಿಂಟಿಂಗಲ್ಲಿ ಆದ ಎಡವಟ್ಟಿಂದ ಕೆಲವು ಕಾರ್ಡಲ್ಲಿ ಮುಂದೆ ಹೆಸರೇ ಬಿದ್ದಿಲ್ಲ, ಹೆಸರು ಇರ್ಬೇಕಾದ ಜಾಗ ಖಾಲಿ, ಅದಕ್ಕೆ ಸಾವಿರಾರು ಡಾಲರ್. ಹೆಸರಿರೋ ಕಾರ್ಡ್ ಅದೇ ಸೆಟ್ಟಲ್ಲಿ ಪುಡಿಗಾಸಿಗೆ ಸಿಗತ್ತೆ. 1991ರ ಟಾಪ್ಸಲ್ಲೇ ಡೆಸರ್ಟ್ ಶೀಲ್ಡ್ ಅಂತ ಇದೆ, ಗಲ್ಫ್‌ನಲ್ಲಿದ್ದ ಅಮೆರಿಕದ ಸೈನಿಕರಿಗೆ ಕಳಿಸಿದ ಪ್ಯಾಕ್‌ಗಳು, ಮಾಮೂಲಿ ಕಾರ್ಡೇ, ಮೂಲೆಯಲ್ಲಿ ಖರ್ಜೂರದ ಮರ ಇರೋ ಬಂಗಾರದ ಬಣ್ಣದ ಮುದ್ರೆ ಒಂದು ಜಾಸ್ತಿ. 1990ರ ಅಪ್ಪರ್ ಡೆಕ್ ಪ್ಯಾಕಲ್ಲಿ ರೆಜ್ಜಿ ಜಾಕ್ಸನ್ ಕೈಯಾರೆ ಸಹಿ ಮಾಡಿದ 2,500 ಕಾರ್ಡ್ ಸೇರಿಸಿದ್ರು. 1993ರಲ್ಲಿ ಟಾಪ್ಸ್ ಫೈನೆಸ್ಟ್‌ನ ರಿಫ್ರಾಕ್ಟರ್, ಬೆಳಕಿಗೆ ಹಿಡಿದ್ರೆ ಕಾಮನಬಿಲ್ಲು ಕಾಣತ್ತೆ. ಆಮೇಲೆ 1993ರ ಎಸ್‌ಪಿ ಸೆಟ್ಟಿನ 279ನೇ ಕಾರ್ಡ್, ಡೆರೆಕ್ ಜೀಟರ್, ಫಾಯಿಲ್ ಮೇಲ್ಮೈ, ಪ್ಯಾಕಿಂದ ಬರುವಾಗ್ಲೇ ಅಂಚು ಕಿತ್ತಿರತ್ತೆ, ಹಂಗಾಗಿ ಪಿಎಸ್‌ಎ ಅನ್ನೋ ಕಂಪನಿ ಕಾರ್ಡಿನ ಸ್ಥಿತಿ ನೋಡಿ ಕೊಡೋ ಗ್ರೇಡಲ್ಲಿ ಹತ್ತಕ್ಕೆ ಹತ್ತು ಸಿಕ್ಕಿರೋದು ಒಂದು ಲಕ್ಷ ಡಾಲರ್ ದಾಟಿ ಹೋಗಿದೆ. ಜೀಟರ್ ಬೇಕು ಅನ್ನೋ ಆಸೆ ಮಾತ್ರ ಇದ್ರೆ ಅದೇ ವರ್ಷದ ಟಾಪ್ಸ್ 98 ಅಥವಾ ಅಪ್ಪರ್ ಡೆಕ್ 449 ತಗೊಳ್ಳಿ, ಅವೂ ರೂಕಿ ಕಾರ್ಡೇ, ಬೆಲೆ ನಮ್ಮ ಕೈಗೆಟುಕೋದು.

ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳ್ಬೇಕು. ಈ ಕಾಲದ ಅತೀ ಸಾಮಾನ್ಯ ಕಾರ್ಡಿಗೆ ಅಪರೂಪದ ಎರರ್ ಕಾರ್ಡ್ ಅಂತ ಹೆಸರಿಟ್ಟು ಲಕ್ಷಗಟ್ಟಲೆ ಕೇಳೋರು ಇದಾರೆ. ಒಂದು ಚುಕ್ಕೆ ಮಿಸ್ ಆಗಿದೆ, ಬಣ್ಣ ಸ್ವಲ್ಪ ಜರುಗಿದೆ, ಅಷ್ಟೇ ಇರತ್ತೆ. ಯಾರು ಎಷ್ಟು ಕೇಳ್ತಿದಾರೆ ಅನ್ನೋದನ್ನ ನೋಡ್ಲೇಬೇಡಿ, ಇಬೇಯಲ್ಲಿ ಮಾರಾಟ ಆಗಿರೋದನ್ನ ಮಾತ್ರ ತೋರಿಸೋ ಫಿಲ್ಟರ್ ಇದೆ, ಅದನ್ನ ಹಾಕಿ ನಿಜವಾಗಿ ಎಷ್ಟಕ್ಕೆ ಹೋಗಿದೆ ನೋಡಿ, ಅದೇ ಬೆಲೆ. ನಕಲಿ ಬಗ್ಗೆನೂ ಹುಷಾರು, ಜೀಟರ್ ಎಸ್‌ಪಿಗೆ ನಕಲಿ ಇದೆ, ಡೆಸರ್ಟ್ ಶೀಲ್ಡ್ ಮುದ್ರೆಯನ್ನ ಮಾಮೂಲಿ ಕಾರ್ಡ್ ಮೇಲೆ ಒತ್ತಿ ಮಾರಿದೋರೂ ಇದಾರೆ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸ್ಕೊಳ್ತಾರಲ್ಲ ಆ ಥರದ ಭೂತಗನ್ನಡಿ ಒಂದು ತಗೊಳ್ಳಿ, ನಗರ್ತಪೇಟೆ ಕಡೆ ಚಿನ್ನದ ಕೆಲಸದವರಿಗೆ ಸಾಮಾನು ಮಾರೋ ಅಂಗಡೀಲಿ ಕೇಳಿ. ಅಸಲಿ ಕಾರ್ಡಿನ ಫೋಟೋ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿಂದ ಆಗಿರತ್ತೆ, ಆದ್ರೆ ಕಪ್ಪು ಅಕ್ಷರದ ಅಂಚು ಚೂಪಾಗಿ ಗಟ್ಟಿ ಕಪ್ಪಾಗಿರತ್ತೆ. ಅಕ್ಷರಾನೂ ಚುಕ್ಕೆ ಚುಕ್ಕೆಯಾಗಿ ಒಡೆದು ಕಂಡ್ರೆ ಅದು ಸ್ಕ್ಯಾನ್ ಮಾಡಿ ಪ್ರಿಂಟ್ ಹೊಡೆದಿದ್ದು ಅಂತ ಅನುಮಾನ ಪಡಿ. ನಿಮ್ಮ ಹತ್ರ ಇರೋ ಅದೇ ಸೆಟ್ಟಿನ ಅಗ್ಗದ ಕಾರ್ಡ್ ಪಕ್ಕ ಇಟ್ಟು ಹೋಲಿಸಿ, ದಪ್ಪ, ಬಣ್ಣ, ಹಿಂಭಾಗ ಎಲ್ಲ ಗೊತ್ತಾಗತ್ತೆ. ಸೆಟ್ ಮೊದಲು ತಗೊಳ್ಳಿ ಅಂತ ನಾನು ಹೇಳೋದಕ್ಕೆ ಇದೂ ಒಂದು ಕಾರಣ.

ಜೋಡಿಸೋದು

ಬಾಕ್ಸ್ ಒಡೆದ್ರಿ, ಐನೂರು ಚಿಲ್ರೆ ಕಾರ್ಡ್ ಮುಂದಿದೆ. ಮೊದಲು ಫ್ಯಾನ್ ಆಫ್ ಮಾಡಿ. ಕೈ ತೊಳೆದು ಪೂರ್ತಿ ಒಣಗಿಸ್ಕೊಳ್ಳಿ, ಚಕ್ಲಿ ಕೋಡುಬಳೆ ತಟ್ಟೆ ಆ ರೂಮಲ್ಲೇ ಬೇಡ. ಕಾರ್ಡಿನ ಹಿಂದೆ ನಂಬರ್ ಇರತ್ತೆ, ಎಲ್ಲಾ ಬೋರಲು ಹಾಕಿ ನೂರು ನೂರರ ಗುಂಪು ಮಾಡಿ, 1ರಿಂದ 99 ಒಂದು ಕಡೆ, 100ರಿಂದ 199 ಇನ್ನೊಂದು ಕಡೆ, ಹೀಗೆ ಎಂಟು ಗುಂಪು. ಆಮೇಲೆ ಒಂದೊಂದು ಗುಂಪು ತಗೊಂಡು ಹತ್ತು ಹತ್ತರದ್ದು ಮಾಡಿ, ಆಮೇಲೆ ಸಾಲಾಗಿ ಜೋಡಿಸಿ. ನೇರವಾಗಿ ಒಂದೇ ಸಲ ಸಾಲು ಹಾಕೋಕೆ ಹೋದ್ರೆ ರಾತ್ರಿ ಪೂರ್ತಿ ಹೋಗತ್ತೆ. ಮನೇಲಿ ಮಕ್ಕಳಿದ್ರೆ ನೂರರ ಗುಂಪು ಮಾಡೋ ಕೆಲಸ ಅವರಿಗೆ ಕೊಡಿ, ಬಹಳ ಇಷ್ಟ ಪಟ್ಟು ಮಾಡ್ತಾರೆ, ನಂಬರೂ ಕಲೀತಾರೆ. ಇಲ್ಲದಿರೋ ನಂಬರ್‌ಗಳನ್ನ ಫೋನಲ್ಲಿ ಬರ್ಕೊಳ್ಳಿ, ಟ್ರೇಡಿಂಗ್ ಕಾರ್ಡ್ ಡೇಟಾಬೇಸ್ ಅನ್ನೋ ಸೈಟಲ್ಲಿ ಪ್ರತಿ ಸೆಟ್ಟಿನ ಪೂರ್ತಿ ಪಟ್ಟಿ ಇದೆ, ಅಲ್ಲೇ ಟಿಕ್ ಹಾಕ್ತಾ ಹೋಗ್ಬಹುದು.

ಸ್ಟೇಡಿಯಂ ಕ್ಲಬ್ ಥರದ ಹೊಳೆಯೋ ಕಾರ್ಡ್‌ಗಳಲ್ಲಿ ಒಂದು ಕಾಟ ಇದೆ, ವರ್ಷಗಟ್ಟಲೆ ಒತ್ತಾಗಿ ಇದ್ದು ಒಂದಕ್ಕೊಂದು ಇಟ್ಟಿಗೆ ಥರ ಅಂಟ್ಕೊಂಡಿರತ್ತೆ. ಬ್ಲೇಡು, ಉಗುರು, ಚಾಕು ಯಾವುದೂ ಹಾಕ್ಬೇಡಿ. ಕಟ್ಟನ್ನ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪವೇ ಸ್ವಲ್ಪ ಆ ಕಡೆ ಈ ಕಡೆ ಬಾಗಿಸಿ, ಸಣ್ಣಗೆ ಚಟಚಟ ಅಂತ ಶಬ್ದ ಬಂದು ಬಿಡತ್ತೆ, ಬಿಡದೇ ಇದ್ರೆ ಆ ಎರಡು ಕಾರ್ಡನ್ನ ಹಂಗೇ ಇಟ್ಬಿಡಿ, ಎಳೆದ್ರೆ ಒಂದರ ಮುಖ ಇನ್ನೊಂದರ ಬೆನ್ನಿಗೆ ಹೋಗತ್ತೆ.

ನಮ್ಮ ಊರಿನ ಹವೆಗೆ ತಕ್ಕ ಹಾಗೆ ಇಡೋದು

ಬೇಸಿಗೆಯಲ್ಲಿ ಏನೂ ತೊಂದ್ರೆ ಇಲ್ಲ, ಜೂನ್‌ನಿಂದ ಅಕ್ಟೋಬರ್ ತನಕವೇ ಕಷ್ಟ. ಥಂಡಿಗೆ ರಟ್ಟು ಬಿಲ್ಲಿನ ಥರ ಬಾಗತ್ತೆ, ಹೊಳೆಯೋವು ಅಂಟ್ಕೊಳ್ತವೆ. ಹೊರಗಿನ ಗೋಡೆಗೆ ಒರಗಿರೋ ಕಪಾಟು ಬೇಡ, ಬಾತ್‌ರೂಮ್ ಪಕ್ಕದ ಗೋಡೆ ಬೇಡ, ಅಟ್ಟ ಅಂತೂ ಬೇಡವೇ ಬೇಡ. ರೂಮಿನ ಒಳಗೋಡೆ ಕಡೆ ಇರೋ ಕಬ್ಬಿಣದ ಬೀರು ಒಳ್ಳೇದು, ನೆಲದಿಂದ ಮೇಲಿರೋದ್ರಿಂದ ಗೆದ್ದಲ ಭಯಾನೂ ಕಮ್ಮಿ. ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಆಗಾಗ ಬದಲಾಯಿಸಿ. ಡಾಂಬರ್ ಗುಳಿಗೆ ಹಾಕೋದು ನಮ್ಮ ಮನೆಗಳ ಅಭ್ಯಾಸ, ಇಲ್ಲಿ ಮಾತ್ರ ಬೇಡ, ಆ ವಾಸನೆ ರಟ್ಟಿಗೆ ಹತ್ತಿದ್ರೆ ಹೋಗಲ್ಲ.

ಸಾಮಾನ್ಯ ಕಾರ್ಡ್‌ಗಳಿಗೆ ಉದ್ದದ ರಟ್ಟಿನ ಡಬ್ಬ ಸಾಕು, ಸೆಟ್ ಜೊತೆಗೇ ಬರತ್ತೆ. ಇಷ್ಟದವಕ್ಕೆ ಮೆತ್ತನೆ ತೆಳು ಪ್ಲಾಸ್ಟಿಕ್ ಸ್ಲೀವ್, ಅದರ ಮೇಲೆ ಟಾಪ್‌ಲೋಡರ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಕವರ್, ಸ್ಲೀವ್ ಇಲ್ದೇ ಟಾಪ್‌ಲೋಡರಿಗೆ ತುರುಕ್ಬೇಡಿ, ಅಂಚು ಉಜ್ಜತ್ತೆ. ಪೋಕೆಮಾನ್ ಕಾರ್ಡ್ ಆಡೋ ಮಕ್ಕಳು ಜಾಸ್ತಿ ಆಗಿರೋದ್ರಿಂದ ಈ ಸ್ಲೀವು, ಒಂಬತ್ತು ಜೇಬಿನ ಹಾಳೆ, ಬೈಂಡರ್ ಎಲ್ಲ ಈಗ ಇಲ್ಲೇ ಆನ್‌ಲೈನಲ್ಲಿ ಸಿಗತ್ತೆ, ಅಳತೆ ಒಂದೇ, ಎರಡೂವರೆ ಇಂಚು ಅಗಲ ಮೂರೂವರೆ ಇಂಚು ಉದ್ದ. ತಗೊಳ್ಳುವಾಗ ಪಿವಿಸಿ ಅಲ್ಲದ್ದು ನೋಡಿ ತಗೊಳ್ಳಿ, ಪಿವಿಸಿ ಹಾಳೆ ವರ್ಷ ಕಳೆದಂಗೆ ಜಿಡ್ಡು ಬಿಡತ್ತೆ. ಮದುವೆ ಫೋಟೋ ಹಾಕೋ ಅಂಟಿನ ಆಲ್ಬಮ್ ಬೇಡ. ಯಾರಾದ್ರೂ ಲ್ಯಾಮಿನೇಷನ್ ಮಾಡ್ಸಿಬಿಡು ಚೆನ್ನಾಗಿರತ್ತೆ ಅಂದ್ರೆ ಆ ಕಾರ್ಡನ್ನ ಅವರ ಕೈಗೆ ಕೊಡ್ಲೇಬೇಡಿ.

ಗ್ರೇಡಿಂಗ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಇಲ್ಲಿಂದ ಕಳಿಸಿ ವಾಪಸ್ ತರಿಸೋ ಖರ್ಚು ಈ ಕಾಲದ ಹೆಚ್ಚಿನ ಕಾರ್ಡಿಗೆ ಗಿಟ್ಟಲ್ಲ, ರಿವೇರಾ ಥರದ್ದು ಬೇಕಿದ್ರೆ ಅಲ್ಲೇ ಗ್ರೇಡ್ ಆಗಿರೋದನ್ನ ತಗೊಳ್ಳೋದು ಲೇಸು, ನಕಲಿ ಭಯಾನೂ ಕಮ್ಮಿ.

ಡಬಲ್ ಕಾರ್ಡ್‌ಗಳು ರಾಶಿ ಬೀಳತ್ತೆ, ಎಸೀಬೇಡಿ. ಇಲ್ಲಿ ಬೇಸ್‌ಬಾಲ್ ಕಾರ್ಡ್ ಕೂಡಿಸೋರು ಬೆರಳೆಣಿಕೆ ಜನ, ಆದ್ರೆ ಕ್ರಿಕೆಟ್, ಫುಟ್‌ಬಾಲ್, ಪೋಕೆಮಾನ್ ಕಾರ್ಡ್‌ನವರು ಬೇಕಾದಷ್ಟಿದಾರೆ, ಕಾಮಿಕ್ ಕಾನ್ ಬೆಂಗಳೂರಿಗೆ ಬಂದಾಗ ಅಂಥವರು ಸಿಗ್ತಾರೆ. 1991ರ ಅಪ್ಪರ್ ಡೆಕ್ಕಲ್ಲಿ ಮೈಕಲ್ ಜೋರ್ಡನ್ ಬೇಸ್‌ಬಾಲ್ ಬ್ಯಾಟ್ ಬೀಸ್ತಿರೋ ಒಂದು ಕಾರ್ಡ್ ಇದೆ, ಎಸ್‌ಪಿ1 ಅಂತ ನಂಬರ್, ಬಾಸ್ಕೆಟ್‌ಬಾಲ್ ಅಭಿಮಾನಿಗಳು ಅದನ್ನ ಕಂಡ್ರೆ ಬಿಡಲ್ಲ, ಎರಡು ಸಿಕ್ಕಿದ್ರೆ ಒಂದನ್ನ ಬದಲಿ ಮಾಡೋಕೆ ಎತ್ತಿಡಿ. ಇಲ್ಲದಿರೋ ನಂಬರಿನ ಪಟ್ಟೀನ ಅಮೆರಿಕದಲ್ಲಿರೋ ಅಕ್ಕಂಗೂ ಒಂದು ಕಾಪಿ ಕಳಿಸಿಟ್ಟಿರಿ, ಅಲ್ಲಿನ ಗರಾಜ್ ಸೇಲಲ್ಲಿ ಡಬ್ಬಗಟ್ಟಲೆ ಕಾರ್ಡ್ ಇಟ್ಕೊಂಡು ಕೂತಿರ್ತಾರೆ, ಪಟ್ಟಿ ಕೈಯಲ್ಲಿದ್ರೆ ಬೇಕಾಗಿರೋ ಹತ್ತಿಪ್ಪತ್ತು ಕಾರ್ಡ್ ಮಾತ್ರ ಆರಿಸ್ಕೊಂಡು ಪರ್ಸಲ್ಲಿ ಹಾಕ್ಕೊಂಡು ಬರ್ಬಹುದು.